ಬೀಗ ತೆಗೆದ ಮೇಲಿನ ಕೆಲಸ

ಕೊರೊನಾ ಸೋಂಕಿನಿಂದಾಗಿ 2020ರ ಮಾರ್ಚ್‌ನಲ್ಲಿ ಮುಚ್ಚಿದ ಕರ್ನಾಟಕದ ಶಾಲೆಗಳು ಮತ್ತೆ ತೆರೆದದ್ದು ಕಂತುಕಂತಾಗಿ. 2021ರ ಜನವರಿಯಲ್ಲಿ ಹತ್ತನೆಯ ತರಗತಿ ಮತ್ತು ದ್ವಿತೀಯ ಪಿಯುಸಿಯಿಂದ ಆರಂಭವಾದ ಪ್ರಯತ್ನ ಎರಡನೆಯ ಅಲೆಗೆ ಸಿಲುಕಿ ನಿಂತುಹೋಯಿತು. ಆ ಬಳಿಕ ಆಗಸ್ಟ್ 23ರಂದು ಒಂಬತ್ತರಿಂದ ಹನ್ನೆರಡನೆಯ ತರಗತಿಯವರು, ಸೆಪ್ಟೆಂಬರ್ 6ರಂದು ಆರರಿಂದ ಎಂಟರವರು, ಅಕ್ಟೋಬರ್ 25ರಂದು ಒಂದರಿಂದ ಐದರವರು ಶಾಲೆಯ ಮೆಟ್ಟಿಲು ಹತ್ತಿದರು. ಆಗಸ್ಟ್‌ನಲ್ಲಿ ಕೂಡ, ಪಾಸಿಟಿವಿಟಿ ದರ, ಅಂದರೆ ಪರೀಕ್ಷೆಗೊಳಗಾದ ನೂರು ಮಂದಿಯಲ್ಲಿ ಸೋಂಕು ದೃಢಪಟ್ಟವರ ಪ್ರಮಾಣ, ಎರಡಕ್ಕಿಂತ ಕಡಿಮೆ ಇದ್ದ ಕಡೆಗಳಲ್ಲಿ ಮಾತ್ರ ತರಗತಿಗೆ ಅನುಮತಿ ದೊರೆತಿತ್ತು.

ದೊಡ್ಡವರು ಮೊದಲು, ಚಿಕ್ಕವರು ಕೊನೆಗೆ ಎಂಬ ಈ ಕ್ರಮದ ಹಿಂದೆ ಸಾರ್ವಜನಿಕ ಪರೀಕ್ಷೆಗಳ ಒತ್ತಡವೂ ಪುಟ್ಟ ಮಕ್ಕಳ ಬಗ್ಗೆ ಪೋಷಕರಿಗಿದ್ದ ಆತಂಕವೂ ಇದ್ದವು. ಆದರೆ ಅದೇ ವರ್ಷದ ಜುಲೈನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮುಖ್ಯಸ್ಥರಾಗಿದ್ದ ಬಲರಾಂ ಭಾರ್ಗವ ಅವರು, ಚಿಕ್ಕ ಮಕ್ಕಳ ದೇಹ ಈ ವೈರಾಣುವನ್ನು ವಯಸ್ಕರಿಗಿಂತ ಚೆನ್ನಾಗಿ ನಿಭಾಯಿಸುವುದರಿಂದ, ಸಿಬ್ಬಂದಿಗೆಲ್ಲ ಲಸಿಕೆ ಹಾಕಿಸಿ ಪ್ರಾಥಮಿಕ ಶಾಲೆಗಳನ್ನೇ ಮೊದಲು ತೆರೆಯುವುದು ವಿವೇಕದ ನಡೆ ಎಂದಿದ್ದರು. ಕಲಿಕೆಯ ದೃಷ್ಟಿಯಿಂದಲೂ ಆ ಮಾತಿಗೆ ತೂಕವಿತ್ತು. ಹತ್ತನೆಯ ತರಗತಿಯ ವಿದ್ಯಾರ್ಥಿ ಪುಸ್ತಕ ಹಿಡಿದು ತಾನೇ ಒಂದಿಷ್ಟು ಓದಿಕೊಳ್ಳಬಲ್ಲ, ಆದರೆ ಅಕ್ಷರವನ್ನೇ ಇನ್ನೂ ತಿದ್ದಬೇಕಾದ ಮಗುವಿಗೆ ಕೈ ಹಿಡಿದು ಬರೆಸುವ ಶಿಕ್ಷಕರ ಹೊರತು ಬೇರೆ ದಾರಿಯಿಲ್ಲ. ಅತಿ ಹೆಚ್ಚು ಕಳೆದುಕೊಂಡವರೇ ಅತಿ ಹೆಚ್ಚು ಕಾಲ ಕಾಯಬೇಕಾಯಿತು ಎಂಬುದು ಈ ಅವಧಿಯ ದೊಡ್ಡ ಅನ್ಯಾಯ.

ಮುಚ್ಚಿದ ಅವಧಿಯಲ್ಲಿ ಶಿಕ್ಷಕರು ಸುಮ್ಮನೆ ಕುಳಿತಿರಲಿಲ್ಲ. ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಪ್ರಸಾರವಾದವು. 2020ರ ಆಗಸ್ಟ್‌ನಲ್ಲಿ ಆರಂಭವಾದ ‘ವಿದ್ಯಾಗಮ’ ಯೋಜನೆಯಡಿ ಸರ್ಕಾರಿ ಶಾಲೆಯ ಶಿಕ್ಷಕರು ಮಕ್ಕಳಿದ್ದಲ್ಲಿಗೇ ಹೋಗಿ, ದೇವಸ್ಥಾನದ ಜಗಲಿಯಲ್ಲೋ ಸಮುದಾಯ ಭವನದಲ್ಲೋ ಮರದ ನೆರಳಲ್ಲೋ ಸಣ್ಣ ಗುಂಪುಗಳಿಗೆ ಪಾಠ ಹೇಳಿದರು. ಸೋಂಕಿನ ಸುದ್ದಿಗಳು ಬಂದ ಮೇಲೆ ಅಕ್ಟೋಬರ್‌ನಲ್ಲಿ ಅದನ್ನೂ ಸ್ಥಗಿತಗೊಳಿಸಲಾಯಿತು. ಒಂದೇ ಮೊಬೈಲನ್ನು ಅಪ್ಪ ಕೆಲಸಕ್ಕೆ ಕೊಂಡೊಯ್ಯುವ ಮನೆಗಳಲ್ಲಿ ಆನ್‌ಲೈನ್ ತರಗತಿಯೆಂಬುದು ಹೆಸರಿಗಷ್ಟೇ ಉಳಿಯಿತು.

ಮಕ್ಕಳನ್ನು ಮರಳಿ ಬರಮಾಡಿಕೊಳ್ಳುವ ಸಿದ್ಧತೆ ನೆಲ ಮಟ್ಟದಿಂದಲೇ ಶುರುವಾಗಬೇಕಿತ್ತು. ತಿಂಗಳುಗಟ್ಟಲೆ ಬಳಸದ ನೀರಿನ ಟ್ಯಾಂಕು, ಶೌಚಾಲಯಗಳನ್ನು ಬ್ಲೀಚಿಂಗ್ ಪುಡಿ ಹಾಕಿ ತೊಳೆಯುವುದು, ಬೆಂಚುಗಳನ್ನು ಅಂತರವಿಟ್ಟು ಜೋಡಿಸುವುದು, ಪೋಷಕರಿಂದ ಒಪ್ಪಿಗೆ ಪತ್ರ ಪಡೆಯುವುದು ಮುಂತಾದ ಕೆಲಸಗಳಲ್ಲಿ ಮುಖ್ಯ ಶಿಕ್ಷಕರ ಜೊತೆಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಪೋಷಕರೇ ಸದಸ್ಯರಾಗಿರುವ ಎಸ್‌ಡಿಎಂಸಿ, ಕೈಜೋಡಿಸಬೇಕಾಯಿತು. ಬಿಸಿಯೂಟ ಮಾತ್ರ ತರಗತಿಯ ಜೊತೆಗೇ ಮರಳಲಿಲ್ಲ. ರಜೆಯ ಕಾಲದಲ್ಲಿ ಮನೆಗೆ ಧಾನ್ಯ ಕೊಡುತ್ತಿದ್ದ ವ್ಯವಸ್ಥೆ ಮುಗಿದು, ಅಡುಗೆಮನೆಯ ಒಲೆ ಹೊತ್ತಿದ್ದು ಅಕ್ಟೋಬರ್ 21ರಂದು. ಮಧ್ಯಾಹ್ನದ ಅನ್ನ ಸಾರು ಎಷ್ಟೋ ಮಕ್ಕಳ ಪಾಲಿಗೆ ದಿನದ ಮುಖ್ಯ ಊಟವಾಗಿರುವಾಗ, ಅಡುಗೆ ಸಿಬ್ಬಂದಿಯನ್ನು ಈ ಸಿದ್ಧತೆಯ ಅಂಚಿನಲ್ಲಿಟ್ಟು ನೋಡುವುದು ಸರಿಯಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿದ್ದೂ ಬಾರದ ಮಕ್ಕಳ ಮನೆಗೆ ಹೋಗಿ ವಿಚಾರಿಸುವ ಹೊಣೆಯೂ ಶಿಕ್ಷಕರ ಮೇಲೆಯೇ ಬಿತ್ತು.

ಇಷ್ಟಾದರೂ ನಿಜವಾದ ಕೊರತೆ ಕಂಡದ್ದು ಕಪ್ಪುಹಲಗೆಯ ಮುಂದೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ 1,137 ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ಅಧ್ಯಯನ ಮಾಡಿ 2021ರ ಫೆಬ್ರವರಿಯಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಶೇ 92ರಷ್ಟು ಮಕ್ಕಳು ಹಿಂದಿನ ವರ್ಷ ತಮಗಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಒಂದನ್ನಾದರೂ, ಶೇ 82ರಷ್ಟು ಮಕ್ಕಳು ಗಣಿತದ ಒಂದು ಸಾಮರ್ಥ್ಯವನ್ನಾದರೂ ಕಳೆದುಕೊಂಡಿದ್ದರು. ಕಲಿಕಾ ನಷ್ಟವೆಂದರೆ ಹೊಸ ಪಾಠ ತಪ್ಪಿಹೋದದ್ದು ಮಾತ್ರವೆಂದು ತಿಳಿದವರಿಗೆ ಈ ಅಂಕಿಗಳು ಎಚ್ಚರಿಕೆ ಕೊಟ್ಟವು, ಏಕೆಂದರೆ ಇಲ್ಲಿ ಬಂದದ್ದೂ ಮರೆತುಹೋಗಿತ್ತು. ಕಾಗುಣಿತವನ್ನು ಸರಾಗವಾಗಿ ಓದುತ್ತಿದ್ದ ಮಗು ಒತ್ತಕ್ಷರ ಎದುರಾದೊಡನೆ ತಡವರಿಸುತ್ತದೆ. 52ರಲ್ಲಿ 27 ಕಳೆಯಲು ಹೇಳಿದರೆ ದಶಕದಿಂದ ಒಂದು ತೆಗೆದುಕೊಳ್ಳುವುದನ್ನು ಮರೆತು, ಏಳರಲ್ಲಿ ಎರಡು ಕಳೆದು 35 ಎಂದು ಬರೆಯುತ್ತದೆ. ಅಂಥ ಮಗುವನ್ನು ಪರೀಕ್ಷೆಯಿಲ್ಲದೆ ಮುಂದಿನ ತರಗತಿಗೆ ಕಳಿಸಿ ಭಾಗಾಕಾರ ಕಲಿಸಹೊರಟರೆ, ಮಗುವಿಗೆ ಅರ್ಥವಾಗುವುದು ತಾನು ದಡ್ಡ ಎಂಬ ಸುಳ್ಳು ಮಾತ್ರ.

ಪ್ರತಿ ಶೈಕ್ಷಣಿಕ ವರ್ಷದ ಆರಂಭದಲ್ಲಿ ಹಿಂದಿನ ತರಗತಿಯ ಕಲಿಕೆಯನ್ನು ಪರೀಕ್ಷಿಸಿ ಬಿಟ್ಟುಹೋದದ್ದನ್ನು ತುಂಬುವ ‘ಸೇತುಬಂಧ’ ಕಾರ್ಯಕ್ರಮ ಕರ್ನಾಟಕದ ಶಾಲೆಗಳಿಗೆ ಹೊಸದಲ್ಲ. ಆದರೆ ಎರಡು ವರ್ಷಗಳ ಅಂತರವನ್ನು ಕೆಲವು ವಾರಗಳ ಸೇತುಬಂಧ ತುಂಬಲಾರದೆಂಬುದು ಸ್ಪಷ್ಟವಾದ ಮೇಲೆ, 2022-23ನೇ ಸಾಲನ್ನೇ ‘ಕಲಿಕಾ ಚೇತರಿಕೆ’ಯ ವರ್ಷವೆಂದು ಘೋಷಿಸಿ, ವಾಡಿಕೆಗಿಂತ ಎರಡು ವಾರ ಮೊದಲೇ, ಮೇ 16ರಂದು ಶಾಲೆಗಳನ್ನು ಆರಂಭಿಸಲಾಯಿತು. ಹಿಂದಿನ ತರಗತಿಗಳಲ್ಲಿ ಕಲಿಯಬೇಕಿದ್ದುದನ್ನೂ ಸೇರಿಸಿ ರೂಪಿಸಿದ ಚಟುವಟಿಕೆಗಳ ‘ಕಲಿಕಾ ಹಾಳೆ’ಗಳನ್ನು ಮಕ್ಕಳಿಗೆ ನೀಡಲಾಯಿತು. ಹಾಳೆ ತುಂಬಿಸುವುದು ಸುಲಭ. ಮಗು ಎಲ್ಲಿ ಎಡವಿತೆಂದು ಪ್ರತಿ ಹಾಳೆಯನ್ನೂ ನೋಡಿ, ಪಕ್ಕದಲ್ಲಿ ಕೂರಿಸಿಕೊಂಡು ತಿದ್ದುವುದಕ್ಕೆ ಬಿಡುವು ಬೇಕು, ಮತ್ತು ಒಂದರಿಂದ ಐದನೆಯವರೆಗಿನ ತರಗತಿಗಳನ್ನು ಒಬ್ಬರೇ ನಡೆಸುವ ಏಕೋಪಾಧ್ಯಾಯ ಶಾಲೆಗಳಲ್ಲಿ ಸಿಗದಿದ್ದುದು ಆ ಬಿಡುವೇ.