ಮೊಢೇರಾದ ಜಟ್ಟಿ, ಮೈಸೂರಿನ ಮುಷ್ಟಿ, ಟೋಕಿಯೊದ ಮಣ್ಣು

ಸುಮೊ ಕಣದಲ್ಲಿ ಗೆದ್ದವನು ಕುಣಿಯುವಂತಿಲ್ಲ. ಮುಷ್ಟಿ ಬಿಗಿದು ಮೇಲೆತ್ತುವಂತಿಲ್ಲ, ಸೋತವನ ಕಡೆ ನೋಡಿ ನಗುವಂತಿಲ್ಲ. ತನ್ನ ಜಾಗಕ್ಕೆ ಹಿಂತಿರುಗಿ, ಎದುರಾಳಿಗೆ ತಲೆಬಾಗಿ, ಕುಕ್ಕರುಗಾಲಲ್ಲಿ ಕುಳಿತು ಬಹುಮಾನದ ಲಕೋಟೆ ತೆಗೆದುಕೊಂಡು ಇಳಿಯಬೇಕು. 2009ರ ಸೆಪ್ಟೆಂಬರ್ ಟೂರ್ನಿಯಲ್ಲಿ ಹಕುಹೊನನ್ನು ಸೋಲಿಸಿ ಪ್ರಶಸ್ತಿ ಗೆದ್ದ ಅಸಶೋರ್ಯು ಎರಡೂ ಕೈ ಎತ್ತಿ ಸಂಭ್ರಮಿಸಿದ. ಅವನು ಆಗ ಯೊಕೊಝುನಾ, ಅಂದರೆ ಸುಮೊದ ಅತ್ಯುನ್ನತ ಪದವಿಯಲ್ಲಿದ್ದವನು. ಅಷ್ಟಕ್ಕೇ ಸುಮೊ ಸಂಘ ಅವನಿಗೆ ಎಚ್ಚರಿಕೆ ಕೊಟ್ಟಿತು.

"ಏನ್ರೀ ಇದು, ಗೆದ್ದಾಂವ ಕೈ ಎತ್ತಬಾರ್ದಂದ್ರ ಹೆಂಗ್ರೀ? ನಮ್ಮ ಕಡೆ ಗೆದ್ದ ಪೈಲವಾನನ್ನ ಹೆಗಲ ಮ್ಯಾಲೆ ಹೊತ್ತು ಊರೆಲ್ಲಾ ತಿರಗಸ್ತಾರ!" ಎನ್ನುತ್ತಾರೆ ಧಾರವಾಡದ ಕಡೆಯ ನನ್ನ ಗೆಳೆಯರು. "ತಿರುಗಿಸ್ಲಿ ಬಿಡಿ ಸಾರ್, ಅದು ಊರಿನವರ ಕೆಲಸ. ಕೈ ಎತ್ತಿ ತೋರಿಸ್ಕೊಳ್ಳೋದು ಪೈಲ್ವಾನ್ ಕೆಲಸ ಅಲ್ಲ" ಎನ್ನುವುದು ಮೈಸೂರಿನ ಇನ್ನೊಬ್ಬರ ವಾದ. ಬೋಪಾಲ್‌ನಲ್ಲಿ ಸುಮೊ ನೋಡುವ ನಾವು ನಾಲ್ಕೈದು ಕನ್ನಡಿಗರಿದ್ದೇವೆ. ಜಪಾನಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ. ಹೀಗಾಗಿ ಅಲ್ಲಿನ ಸಂಜೆಯ ದೊಡ್ಡ ಪಂದ್ಯಗಳು ಇಲ್ಲಿ ಊಟದ ಹೊತ್ತಿಗೆ ಮುಗಿಯುತ್ತವೆ, ಮುಖ್ಯಾಂಶಗಳನ್ನು ಸಂಜೆ ಮೊಬೈಲಿನಲ್ಲಿ ನೋಡಬಹುದು. ವರ್ಷಕ್ಕೆ ಆರು ಟೂರ್ನಿ, ಒಂದೊಂದೂ 15 ದಿನ. ಒಟ್ಟು 90 ದಿನ ನಮ್ಮ ಜಗಳಕ್ಕೆ ಬರವಿಲ್ಲ.

ಗೆದ್ದವರು ಯಾರು ಎಂಬುದಕ್ಕಿಂತ ಗೆದ್ದವನು ಹೇಗೆ ನಡೆದುಕೊಂಡ ಎಂಬುದರ ಮೇಲೇ ನಮ್ಮ ಜಗಳ ಹೆಚ್ಚು. ಜಪಾನಿನ ಅಭಿಮಾನಿಗಳದ್ದೂ ಇದೇ ಕತೆ.

ಗೆಲುವು ಸಾಲದು, ಘನತೆಯೂ ಬೇಕು

ಸುಮೊದ ನಿಯಮ ಸರಳ. 4.55 ಮೀಟರ್ ಅಗಲದ ಮಣ್ಣಿನ ವೃತ್ತ. ಅಂಗಾಲು ಬಿಟ್ಟು ಮೈಯ ಬೇರಾವ ಭಾಗ ನೆಲಕ್ಕೆ ತಾಗಿದರೂ ಸೋಲು, ವೃತ್ತದಾಚೆ ಕಾಲಿಟ್ಟರೂ ಸೋಲು. ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ನಮ್ಮ ಜಟ್ಟಿಯ ಸಮಜಾಯಿಷಿ ಅಲ್ಲಿ ನಡೆಯುವುದಿಲ್ಲ.

ಕಷ್ಟವಿರುವುದು ಬರೆಯದ ನಿಯಮಗಳಲ್ಲಿ. ಯೊಕೊಝುನಾ ಆಗಲು ಬಲದ ಜೊತೆಗೆ 'ಹಿನ್ಕಾಕು' ಬೇಕು ಎನ್ನುತ್ತಾರೆ. ಅದನ್ನು ಘನತೆ ಎನ್ನಬಹುದು, ನಡತೆ ಎನ್ನಬಹುದು. ಆ ಪದವಿಗೇರಿದವನಿಗೆ ಹಿಂಬಡ್ತಿ ಇಲ್ಲ. ಸೋಲತೊಡಗಿದರೆ ಅಥವಾ ನಡತೆ ಕೆಟ್ಟರೆ ತಾನಾಗಿ ನಿವೃತ್ತನಾಗಬೇಕು. ಅಸಶೋರ್ಯು 2010ರಲ್ಲಿ ಕಣದ ಹೊರಗಿನ ಗಲಾಟೆಯೊಂದರ ನಂತರ ಹೋದ. 2017ರಲ್ಲಿ ಹರುಮಫುಜಿ ಕಿರಿಯ ಮಲ್ಲನೊಬ್ಬನನ್ನು ಹೊಡೆದದ್ದಕ್ಕೆ ಹೋದ.

ಒಮ್ಮೊಮ್ಮೆ ನಿಯಮ ಮುರಿಯದವನನ್ನೂ ಅಭಿಮಾನಿಗಳು ಬಿಡುವುದಿಲ್ಲ. 2016ರ ಮಾರ್ಚ್‌ನಲ್ಲಿ ಒಸಾಕಾ ಟೂರ್ನಿಯ ಕೊನೆಯ ದಿನ ಹಕುಹೊ, ಎದುರಿನಿಂದ ನುಗ್ಗಿಬಂದ ಹರುಮಫುಜಿಗೆ ಎದೆಕೊಡದೆ ಪಕ್ಕಕ್ಕೆ ಸರಿದುಬಿಟ್ಟ. ಈ ಪಟ್ಟಿಗೆ 'ಹೆನ್ಕಾ' ಎಂದು ಹೆಸರು. ನಿಯಮದಲ್ಲಿ ತಪ್ಪಿಲ್ಲ, ಪಂದ್ಯ ಒಂದೇ ಕ್ಷಣದಲ್ಲಿ ಮುಗಿಯಿತು, ಪ್ರಶಸ್ತಿಯೂ ಬಂತು. ಆದರೆ ಪ್ರೇಕ್ಷಕರು ಕೂಗಿ ಛೀಮಾರಿ ಹಾಕಿದರು. ಅಂಥ ದೊಡ್ಡ ಮಲ್ಲ ಬಹುಮಾನದ ಸಂದರ್ಶನದಲ್ಲಿ ಕಣ್ಣೀರಿಟ್ಟು ಕ್ಷಮೆ ಕೇಳಿದ. ದುಡ್ಡು ಕೊಟ್ಟು ಬಂದವರಿಗೆ ಗೆಲುವು ಬೇಕಿರಲಿಲ್ಲ, ಕುಸ್ತಿ ಬೇಕಿತ್ತು.

ಹಾಗೆಂದು ಸುಮೊ ಲೋಕ ಶುದ್ಧವೇನಲ್ಲ. 2007ರಲ್ಲಿ ತರಬೇತಿಯ ಹೆಸರಿನ ಹೊಡೆತಕ್ಕೆ 17 ವರ್ಷದ ಹುಡುಗನೊಬ್ಬ ಸತ್ತ, ಗುರು ಜೈಲಿಗೆ ಹೋದ. ಪಂದ್ಯಗಳನ್ನು ಮೊದಲೇ ಮಾತಾಡಿಕೊಂಡು ಆಡಿದ್ದು ಬಯಲಾಗಿ 2011ರ ಮಾರ್ಚ್ ಟೂರ್ನಿಯೇ ರದ್ದಾಯಿತು. 2018ರಲ್ಲಿ ಮೈಝುರು ಎಂಬ ಊರಿನಲ್ಲಿ ಮೇಯರ್ ಕಣದ ಮೇಲೆ ಕುಸಿದುಬಿದ್ದಾಗ ಜೀವ ಉಳಿಸಲು ಓಡಿಬಂದ ಮಹಿಳೆಯರಿಗೆ ಕಣದಿಂದ ಇಳಿಯಿರಿ ಎಂದು ಧ್ವನಿವರ್ಧಕದಲ್ಲಿ ಹೇಳಲಾಯಿತು. ಹೆಂಗಸರು ಕಣ ಹತ್ತಬಾರದೆಂಬುದು ಅಲ್ಲಿನ ಸಂಪ್ರದಾಯ. ಆಮೇಲೆ ಸಂಘದ ಮುಖ್ಯಸ್ಥರು ಕ್ಷಮೆ ಕೇಳಿದರು, ನಿಯಮ ಮಾತ್ರ ಇನ್ನೂ ಹಾಗೇ ಇದೆ. ಸಂಪ್ರದಾಯದಲ್ಲಿ ಯಾವುದು ಮರ್ಯಾದೆ, ಯಾವುದು ಮೊಂಡುತನ ಎಂದು ಕೇಳುತ್ತಲೇ ಇರುವವರು ಅಭಿಮಾನಿಗಳು. ಅವರ ಗೊಣಗಾಟ ಇಲ್ಲದಿದ್ದರೆ ಇಷ್ಟೂ ಆಗುತ್ತಿರಲಿಲ್ಲ.

ನೂರು ಕಿಲೋಮೀಟರ್ ದೂರದ ಗುರುಮನೆ

ಜಪಾನಿನ ಮಲ್ಲರ ವಿಷಯ ಗುಜರಾತಿನ ಕನ್ನಡಿಗರಿಗೆ ಏಕೆ ಎಂದು ಕೇಳಬಹುದು. ಅಹಮದಾಬಾದಿನಿಂದ ಸುಮಾರು 100 ಕಿ.ಮೀ. ದೂರದ ಮೊಢೇರಾಕ್ಕೆ ನಮ್ಮಲ್ಲಿ ಅನೇಕರು ಹೋಗಿಬಂದಿದ್ದೇವೆ. ಊರಿನಿಂದ ಯಾರೇ ಬಂದರೂ ಅಲ್ಲಿನ ಸೂರ್ಯ ದೇವಾಲಯ ತೋರಿಸುತ್ತೇವೆ. ಮೈಸೂರು ದಸರಾದಲ್ಲಿ ವಜ್ರಮುಷ್ಟಿ ಕಾಳಗಕ್ಕಿಳಿಯುವ ಜಟ್ಟಿಗಳ ಮೂಲ ಈ ಊರೇ.

ಮೊಢೇರಾದ ಬ್ರಾಹ್ಮಣರಲ್ಲಿ ಒಂದು ಪಂಗಡ ಜ್ಯೇಷ್ಠಿಮಲ್ಲರದು. ಅವರ ಕುಲದ ಗ್ರಂಥ 'ಮಲ್ಲಪುರಾಣ'. ಕೃಷ್ಣನು ಸೋಮೇಶ್ವರನೆಂಬ ಬ್ರಾಹ್ಮಣನಿಗೆ ಮಲ್ಲವಿದ್ಯೆ ಕಲಿಸಿದ ಕತೆ ಅದರಲ್ಲಿದೆ. ಜೊತೆಗೆ ಮಲ್ಲರ ದರ್ಜೆಗಳು, ಪಟ್ಟುಗಳು, ಋತುವಿಗೆ ತಕ್ಕ ಆಹಾರ, ಬಗೆಬಗೆಯ ಸಾಮು. ಕಂಬದ ಮೇಲಿನ ಸಾಮಿಗೆ ಅದು 'ಸ್ತಂಭಶ್ರಮ' ಎನ್ನುತ್ತದೆ, ನಾವು ಮಲ್ಲಕಂಬ ಎನ್ನುತ್ತೇವೆ. ಈ ಕುಲದ ದೇವತೆ ಲಿಂಬಜಾ ಅಥವಾ ನಿಂಬಜಾ. ಮೈಸೂರಿನ ಜಟ್ಟಿಗಳು ಪೂಜಿಸುವ ನಿಂಬುಜಾದೇವಿಯೂ ಇವಳೇ. ಭಾಷೆ ಬದಲಾಯಿತು, ಊಟ ಬದಲಾಯಿತು, ದೇವಿ ಜೊತೆಗೇ ಬಂದಳು. ಪರಊರಿಗೆ ಬಂದು ನೆಲೆಸಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಾವು ಕೆಲಸ ಹುಡುಕಿಕೊಂಡು ದಕ್ಷಿಣದಿಂದ ಉತ್ತರಕ್ಕೆ ಬಂದೆವು, ಅವರು ಉತ್ತರದಿಂದ ದಕ್ಷಿಣಕ್ಕೆ ಹೋದರು. ರಾಜಾಶ್ರಯ ಎಂದರೆ ಆಗಿನ ಕಾಲದ ನೌಕರಿ ತಾನೆ? 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಮಹಾನವಮಿಯ ಮಲ್ಲರನ್ನು ನೋಡಿದ್ದಾನೆ. ಅದು ಬರಿ ಹಿಡಿದು ಕೆಡಹುವ ಕುಸ್ತಿಯಾಗಿರಲಿಲ್ಲ. ಹಲ್ಲು ಮುರಿಯುವ, ಮುಖ ಕೆಡಿಸುವ ಗುದ್ದುಗಳಿದ್ದವು, ತೀರ್ಪುಗಾರರೂ ಇದ್ದರು. ಮಹಾನವಮಿ ಶ್ರೀರಂಗಪಟ್ಟಣಕ್ಕೆ, ಅಲ್ಲಿಂದ ಮೈಸೂರಿಗೆ ಬಂದಾಗ ಈ ಕಾಳಗವೂ ಜೊತೆಗೆ ಬಂತು.

ವಡೋದರಾದ ಕಲ್ಲು ಮತ್ತು ಉಗುರು

ಮಲ್ಲಪುರಾಣವನ್ನು 1964ರಲ್ಲಿ ಅಚ್ಚು ಹಾಕಿಸಿದ್ದು ವಡೋದರಾದ ಓರಿಯೆಂಟಲ್ ಇನ್‌ಸ್ಟಿಟ್ಯೂಟ್. ಅದೇ ಗಾಯಕ್ವಾಡ್ ಗ್ರಂಥಮಾಲೆಯಲ್ಲಿ 1925ರಲ್ಲೇ ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದ ಮೊದಲ ಸಂಪುಟ ಬಂದಿತ್ತು. ಹನ್ನೆರಡನೆಯ ಶತಮಾನದ ಈ ಗ್ರಂಥದಲ್ಲಿ 'ಮಲ್ಲವಿನೋದ' ಎಂಬ ಭಾಗವಿದೆ, ಅಲ್ಲಿಯೂ 'ಜ್ಯೇಷ್ಠಿಕ' ಎಂಬ ದರ್ಜೆಯ ಮಲ್ಲರಿದ್ದಾರೆ. ಗುಜರಾತಿನ ಕುಸ್ತಿ ಪುರಾಣವೂ ಬಸವಕಲ್ಯಾಣದ ರಾಜನ ಕುಸ್ತಿ ಪಾಠವೂ ಒಂದೇ ಗ್ರಂಥಮಾಲೆಯಲ್ಲಿ ಅಕ್ಕಪಕ್ಕ ನಿಂತಿವೆ.

ವಡೋದರಾದ ಸಯಾಜಿಬಾಗ್ ವಸ್ತುಸಂಗ್ರಹಾಲಯದಲ್ಲಿ ಇನ್ನೊಂದು ಸಾಕ್ಷಿ ಇದೆ. ಮಹಾನ್ ಗಾಮಾ ಪೈಲ್ವಾನ್ 1902ರ ಡಿಸೆಂಬರ್ 23ರಂದು ಎತ್ತಿದನೆಂದು ಕೆತ್ತಿಸಿರುವ ಕಲ್ಲು ಅದು. ತೂಕ 1200 ಕೆ.ಜಿ. ಎನ್ನುತ್ತಾರೆ. ಎತ್ತಿದ್ದು ನಿಜವೇ, ಎಷ್ಟು ಎತ್ತರಕ್ಕೆ ಎಂಬ ವಾದ ಅದರ ಮುಂದೆ ನಿಂತವರಲ್ಲಿ ಇವತ್ತಿಗೂ ನಡೆಯುತ್ತದೆ. ಇದೇ ಗಾಮಾ 1910ರಲ್ಲಿ ಲಂಡನ್ನಿನಲ್ಲಿ ಪೋಲೆಂಡಿನ ಜ್ಬಿಸ್ಕೊನನ್ನು ಎದುರಿಸಿದಾಗ, ಆತ ಎರಡು ಗಂಟೆಗೂ ಮಿಕ್ಕಿ ನೆಲಕ್ಕಂಟಿಕೊಂಡೇ ಕಾಲ ಕಳೆದ. ಮರುಪಂದ್ಯಕ್ಕೆ ಬರಲೇ ಇಲ್ಲ. 1928ರಲ್ಲಿ ಪಟಿಯಾಲಾದಲ್ಲಿ ಮತ್ತೆ ಸಿಕ್ಕಾಗ ಗಾಮಾ ಒಂದು ನಿಮಿಷವೂ ತೆಗೆದುಕೊಳ್ಳಲಿಲ್ಲ.

ಆದರೆ ವಡೋದರಾದ ಕುಸ್ತಿಗೆ ಕರಾಳ ಮುಖವೂ ಇತ್ತು. 1860ರ ದಶಕದಲ್ಲಿ ಖಂಡೇರಾವ್ ಗಾಯಕ್ವಾಡನ ಆಸ್ಥಾನಕ್ಕೆ ಬಂದ ಫ್ರೆಂಚ್ ಪ್ರವಾಸಿ ಲೂಯಿ ರೂಸ್ಲೆ 'ನಖಿ ಕಾ ಕುಸ್ತಿ'ಯನ್ನು ವರ್ಣಿಸಿದ್ದಾನೆ. ಮಲ್ಲರು ಕೈಗೆ ಕೊಂಬಿನ ಉಗುರು ಕಟ್ಟಿಕೊಂಡು, ಭಂಗಿ ಅಫೀಮಿನ ಅಮಲಿನಲ್ಲಿ ಒಬ್ಬರನ್ನೊಬ್ಬರು ಸೀಳುತ್ತಿದ್ದರು. ಪ್ರಾಣ ಹೋಗುವುದೂ ಇತ್ತು. ರಾಜ ಖುಷಿಯಾದರೆ ಗೆದ್ದವನಿಗೆ ಮುತ್ತಿನ ಹಾರ. ಕಣದ ಸುತ್ತ ಕುಳಿತವರು ಸಾಕು ಎನ್ನದಿದ್ದರೆ ಮಲ್ಲವಿದ್ಯೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಒಂದು ಹನಿ ರಕ್ತ

ಈಗ ಮೈಸೂರಿಗೆ ಬನ್ನಿ. ವಿಜಯದಶಮಿಯ ಬೆಳಗ್ಗೆ ಅರಮನೆಯ ಅಂಗಳದಲ್ಲಿ ಕೆಮ್ಮಣ್ಣಿನ ಅಖಾಡ. ಮೈಸೂರು, ಚನ್ನಪಟ್ಟಣ, ಚಾಮರಾಜನಗರ, ಬೆಂಗಳೂರಿನಿಂದ ಬಂದ ಜಟ್ಟಿಗಳು. ತಲೆ ಬೋಳಿಸಿ ಜುಟ್ಟು ಮಾತ್ರ ಬಿಟ್ಟಿರುತ್ತಾರೆ. ಬಲಮುಷ್ಟಿಗೆ ಮೊನೆಗಳಿರುವ ವಜ್ರಮುಷ್ಟಿ. ಉಗುರು ಕಟ್ಟಿಕೊಂಡ ವಡೋದರಾದ ಮಲ್ಲರಿಗಿಂತ ಇದೇನೂ ಸೌಮ್ಯ ಆಯುಧವಲ್ಲ. ಆದರೆ ಯಾರ ತಲೆಯಿಂದಲಾದರೂ ಮೊದಲ ಹನಿ ರಕ್ತ ಚಿಮ್ಮಿದ ಕೂಡಲೇ ಹಿರಿಯರು ನಡುವೆ ಬಂದು ಕಾಳಗ ನಿಲ್ಲಿಸುತ್ತಾರೆ. ಎಷ್ಟೋ ಸಲ ಅದು ಒಂದು ನಿಮಿಷವನ್ನೂ ಮೀರುವುದಿಲ್ಲ. ಆಮೇಲೆ ರಾಜವಂಶಸ್ಥರು ಶಮೀ ಪೂಜೆಗೆ ಹೊರಡುತ್ತಾರೆ.

ಮೊದಲ ಸಲ ನೋಡುವವರು "ಇಷ್ಟೇನಾ?" ಎನ್ನುತ್ತಾರೆ. ನನಗೆ ಇಡೀ ಸಂಪ್ರದಾಯದ ಸಾರ ಇರುವುದೇ ಆ ನಿಲ್ಲಿಸುವಿಕೆಯಲ್ಲಿ. ಸುಮೊದಲ್ಲಿ ಅತಿ ಹಿರಿಯ ತೀರ್ಪುಗಾರ ಸೊಂಟದಲ್ಲಿ ಕಠಾರಿ ಸಿಕ್ಕಿಸಿಕೊಂಡಿರುತ್ತಾನೆ, ತೀರ್ಪು ತಪ್ಪಿದರೆ ತನ್ನ ಪ್ರಾಣವೇ ಜವಾಬು ಎಂಬುದರ ಗುರುತಾಗಿ. ಜಟ್ಟಿಗಳಲ್ಲಿ ಕಠಾರಿ ಇಲ್ಲ, ಹಿರಿಯರ ಮಾತಿದೆ. ಹೊಡೆಯುವ ಕೈಗೆ ಎಲ್ಲಿ ನಿಲ್ಲಬೇಕೆಂದು ಗೊತ್ತಿರುವುದನ್ನೇ ಎರಡೂ ಕಡೆ ಘನತೆ ಎಂದು ಕರೆದಿದ್ದಾರೆ.

ಉಳಿದ ದಿನಗಳ ಕತೆ

ಹಾಗಾದರೆ ಸುಮೊ ಇನ್ನೂ ಸಾವಿರಾರು ಜನರನ್ನು ಸೆಳೆಯುತ್ತಿರುವಾಗ ವಜ್ರಮುಷ್ಟಿ ವರ್ಷಕ್ಕೊಂದು ನಿಮಿಷಕ್ಕೆ ಇಳಿದದ್ದು ಹೇಗೆ? ಸುಮೊದ ಮೇಲಿನ ಎರಡು ದರ್ಜೆಗಳ 70 ಮಲ್ಲರಿಗೆ ತಿಂಗಳ ಸಂಬಳವಿದೆ. ಕೆಳಗಿನ ದರ್ಜೆಯವರಿಗೆ ಸಂಬಳವಿಲ್ಲ. ಆದರೆ ಮಠದ ವಿದ್ಯಾರ್ಥಿಗಳಂತೆ ಊಟ, ವಸತಿ ಇದೆ, ಅಡುಗೆ ಕಸ ಮುಸುರೆ ಅವರದೇ. ಟೂರ್ನಿಗೆ ಮೊದಲು 'ಬಂಝುಕೆ' ಎಂಬ ಪಟ್ಟಿ ಹೊರಬೀಳುತ್ತದೆ. ಕಟ್ಟಕಡೆಯ ಹುಡುಗನ ಹೆಸರೂ ಅದರಲ್ಲಿರುತ್ತದೆ. ಅಭಿಮಾನಿಗಳು ಅದನ್ನು ಮುಂದಿಟ್ಟುಕೊಂಡು ಮೇಲೇರಿದವರನ್ನೂ ಕೆಳಗಿಳಿದವರನ್ನೂ ಲೆಕ್ಕ ಹಾಕುತ್ತಾರೆ.

ನಮ್ಮಲ್ಲಿ ಅರಮನೆಯ ಆಶ್ರಯ ಹೋದ ಮೇಲೆ ಆ ಜಾಗ ತುಂಬಲಿಲ್ಲ. ಜಟ್ಟಿ ಮನೆತನದ ಹುಡುಗ ಬೇರೆ ಉದ್ಯೋಗ ಮಾಡಿಕೊಂಡೇ ದಸರೆಗೆ ತಲೆ ಕೊಡಬೇಕು. ಗರಡಿಮನೆಗಳ ಕತೆಯೂ ಅಷ್ಟೇ. ಆದರೂ ಮೈಸೂರಿನಲ್ಲಿ ದಸರೆಗೆ ಮುಂಚೆ ಜೋಡಿ ಕಟ್ಟುವ ದಿನ ಪೈಲ್ವಾನರು ಸೇರುತ್ತಾರೆ. ದೊಡ್ಡಕೆರೆ ಮೈದಾನದಲ್ಲಿ ನಾಡಕುಸ್ತಿ ನಡೆಯುತ್ತದೆ, ಚಿತ್ ಆಗುವವರೆಗೂ ಬಿಡದ ಮಾರ್ಫಿಟ್ ಕುಸ್ತಿಯೂ ಇರುತ್ತದೆ. ದಸರಾ ಕಿಶೋರಿ ಬಿರುದಿಗೆ ಹೆಣ್ಣುಮಕ್ಕಳು ಸೆಣಸುತ್ತಾರೆ. ಈ ಒಂದು ವಿಷಯದಲ್ಲಿ ನಾವು ಟೋಕಿಯೊಗಿಂತ ಮುಂದಿದ್ದೇವೆ.

ನಮ್ಮಲ್ಲಿ ಕೊರತೆ ಪೈಲ್ವಾನರದಲ್ಲ, ಹೆಸರು ಹಿಡಿದು ಜಗಳವಾಡುವ ಅಭಿಮಾನಿಗಳದು. ಮಂಗೋಲಿಯಾದಿಂದ ಜಪಾನಿಗೆ ಹೋದ ಹಕುಹೊನ 45 ಪ್ರಶಸ್ತಿಗಳ ಲೆಕ್ಕ ನಮಗೆ ಬಾಯಿಪಾಠ. ಕಳೆದ ವಿಜಯದಶಮಿಯಲ್ಲಿ ಯಾರ ತಲೆಯಿಂದ ರಕ್ತ ಚಿಮ್ಮಿತು ಎಂದರೆ ಬೋಪಾಲ್‌ನ ನಮ್ಮ ಗುಂಪಿನಲ್ಲಿ ಉತ್ತರವಿಲ್ಲ. ಆತನೂ ತಿಂಗಳುಗಟ್ಟಲೆ ಸಾಮು ಮಾಡಿ, ವ್ರತ ಹಿಡಿದು ಬಂದಿರುತ್ತಾನೆ.

ರಜೆ ಹಾಕಿ ದಸರೆಗೆ ಊರಿಗೆ ಹೋಗುವವರು ಈ ಸಲ ಜಂಬೂಸವಾರಿಯ ಪಾಸಿಗೆ ಪರದಾಡುವ ಮೊದಲು ಒಂದು ಸಂಜೆ ಕುಸ್ತಿ ಮೈದಾನಕ್ಕೆ ಹೋಗಿ ಬನ್ನಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಪೈಲ್ವಾನರ ಹೆಸರು, ಊರು, ಗರಡಿ ಕೇಳಿ ಬರೆದುಕೊಳ್ಳಿ. ಗೆದ್ದವನು ಅತಿಯಾಗಿ ಮೆರೆದರೆ ಗೊಣಗಿ, ಸೋತವನು ಕೈಕುಲುಕಿ ಹೋದರೆ ಚಪ್ಪಾಳೆ ತಟ್ಟಿ. ಬರೆದುಕೊಂಡು ಬಂದ ಹೆಸರುಗಳನ್ನು ನಮಗೂ ತಿಳಿಸಿ. ಸುಮೊ ಟೂರ್ನಿ ಇಲ್ಲದ ದಿನಗಳಲ್ಲಿ ನಮಗೆ ಜಗಳಕ್ಕೆ ವಿಷಯ ಬೇಕಾಗಿದೆ.