ಕೋಶ ಅಂಗಳದಲ್ಲಿ, ದೀಪ ತರಗತಿಯಲ್ಲಿ

ಹೊನವಾಡದ ಕಡೆ ಬೋಧನಾಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗೆ ಬಿಸಿಲಿನ ಬರವಿಲ್ಲ. ಆದರೂ ಸೌರಕೋಶದ ಪಾಠ ಕೈಕೊಡುವುದುಂಟು. ತರಗತಿಯ ಟ್ಯೂಬ್‌ಲೈಟಿನ ಬೆಳಕು ನಡುಹಗಲಿನ ಬಿಸಿಲಿನ ನೂರರಲ್ಲೊಂದು ಪಾಲೂ ಇರದು; ಎಲ್‌ಇಡಿ ಉರಿಯುವುದಿಲ್ಲ. ಅಂಗಳಕ್ಕೆ ಒಯ್ದರೆ ಉರಿಯುತ್ತದೆ, ಆದರೆ ಆ ಬಿಸಿಲಲ್ಲಿ ಉರಿದದ್ದು ಕಾಣುವುದಿಲ್ಲ. "ಹತ್ತವಲ್ದ್ರಿ ಸರ" ಎನ್ನುತ್ತಾರೆ ಮಕ್ಕಳು.

ಕೋಶಗಳನ್ನು ಹೊರಗಿನ ಕಟ್ಟೆಯ ಮೇಲಿಡಿ, ಎಲ್‌ಇಡಿಯನ್ನು ಒಳಗೆ ಮೇಜಿನ ಮೇಲೆ. ನಡುವೆ ಕಿಟಕಿಯಿಂದ ಹಾಯಿಸಿದ ಜೋಡಿ ವೈರು.

ಒಂದು ಸಿಲಿಕಾನ್ ಕೋಶ ಕೊಡುವುದು ಸುಮಾರು 0.5 ವೋಲ್ಟ್. ಕೋಶ ದೊಡ್ಡದಾದರೆ ಹೆಚ್ಚುವುದು ಪ್ರವಾಹ, ವೋಲ್ಟ್ ಅಲ್ಲ; ಇದನ್ನು ಬಾಯಲ್ಲಿ ಹೇಳಬೇಡಿ, ಮಲ್ಟಿಮೀಟರಿನಲ್ಲಿ ಮಕ್ಕಳೇ ನೋಡಲಿ. ಕೆಂಪು ಎಲ್‌ಇಡಿಗೆ ಸುಮಾರು 1.8 ವೋಲ್ಟ್ ಬೇಕು. ಹಾಗಾಗಿ ನಾಲ್ಕು ಕೋಶಗಳ ಸರಣಿ ಜೋಡಣೆ, ಜೊತೆಗೆ 100 ಓಮ್‌ನ ಒಂದು ರೋಧಕ.

ಈಗ ಒಬ್ಬ ವಿದ್ಯಾರ್ಥಿ ಹೊರಗೆ ಹೋಗಿ ಒಂದೇ ಕೋಶವನ್ನು ಅಂಗೈಯಿಂದ ಪೂರ್ತಿ ಮುಚ್ಚಲಿ. ಒಳಗೆ ದೀಪ ಆರುತ್ತದೆ. ಉಳಿದ ಮೂರರ 1.5 ವೋಲ್ಟ್ ಸಾಲದು ಎಂಬ ಉತ್ತರ ಮೊದಲು ಬರುತ್ತದೆ. ತಪ್ಪಲ್ಲ, ಆದರೆ ಅರ್ಧ ಉತ್ತರ. ಸರಣಿಯಲ್ಲಿ ಪ್ರವಾಹಕ್ಕೆ ಬೇರೆ ದಾರಿಯಿಲ್ಲ. ನೆರಳಿಗೆ ಬಿದ್ದ ಕೋಶವೇ ಅದನ್ನು ತಡೆಯುತ್ತದೆ. ಆರು ಕೋಶ ಜೋಡಿಸಿ ಮತ್ತೆ ಒಂದನ್ನು ಮುಚ್ಚಿಸಿ. ಬೆಳಕು ಏನಾದೀತೆಂದು ಮುಚ್ಚುವ ಮೊದಲೇ ಮಕ್ಕಳು ಬರೆದಿಡಲಿ.