ದನಿಗೂ ಒಂದು ವಯಸ್ಸು

ನನ್ನ ಮಾತನ್ನು ಕೇಳುತ್ತಿರುವ ನೀವು ನನ್ನ ಮುಖವನ್ನು ಕಂಡವರಲ್ಲ. ಆದರೂ ಎರಡು ವಾಕ್ಯ ಮುಗಿಯುವುದರೊಳಗಾಗಿ, ಈತ ಎಪ್ಪತ್ತರ ಆಸುಪಾಸಿನವನು, ಮಾಸ್ತರಿಕೆ ಮಾಡಿದವನಿರಬೇಕು ಎಂದು ಊಹಿಸಿಬಿಟ್ಟಿರುತ್ತೀರಿ. ಊಹೆ ನಿಜವೇ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಸೀಮೆಯ ಶಾಲೆಗಳಲ್ಲಿ ಮೂವತ್ತನಾಲ್ಕು ವರ್ಷ ಕನ್ನಡ ಕಲಿಸಿದವನು ನಾನು. ನರೆಗೂದಲಿಗೆ ಬಣ್ಣ ಹಚ್ಚಬಹುದು. ದನಿಗೆ ಹಚ್ಚುವ ಬಣ್ಣ ಇನ್ನೂ ಬಂದಿಲ್ಲ. ಈ ದನಿ ವಯಸ್ಸಿನೊಡನೆ ಹೇಗೆ ಮಾರ್ಪಡುತ್ತದೆ, ಮಾರ್ಪಟ್ಟಾಗ ನಾವು ಮಾಡಬೇಕಾದುದೇನು ಎಂಬುದೇ ಇಂದಿನ ವಿಚಾರ.

ದನಿ ಹುಟ್ಟುವುದು ಗಂಟಲಿನ ಧ್ವನಿಪೆಟ್ಟಿಗೆಯಲ್ಲಿ. ಅಲ್ಲಿ ಎದುರುಬದುರಾಗಿ ಎರಡು ಧ್ವನಿತಂತುಗಳಿವೆ. ಶ್ವಾಸಕೋಶದಿಂದ ಮೇಲೇರುವ ಗಾಳಿ ಅವುಗಳ ನಡುವೆ ನುಸುಳುವಾಗ ಅವು ಕಂಪಿಸುತ್ತವೆ. ತಂತು ಗಿಡ್ಡವೂ ತೆಳುವೂ ಆಗಿದ್ದಷ್ಟೂ ಕಂಪನ ಹೆಚ್ಚು, ಸ್ವರ ಎತ್ತರ. ತೊಟ್ಟಿಲ ಕೂಸಿನ ತಂತುಗಳ ಉದ್ದ ಕೆಲವೇ ಮಿಲಿಮೀಟರು. ಅದರ ಅಳುವಿನಲ್ಲಿ ಸೆಕೆಂಡಿಗೆ ಸುಮಾರು 400ರಿಂದ 500 ಕಂಪನಗಳು. ಬೆಳೆದ ಹೆಂಗಸಿನ ಮಾತಿನಲ್ಲಿ ಅವು ಸುಮಾರು 200, ಗಂಡಸಿನ ಮಾತಿನಲ್ಲಿ ಸುಮಾರು 120.

ಅಥಣಿಯ ಕಡೆಯ ಒಂದು ಶಾಲೆಯಲ್ಲಿ ನಿತ್ಯ ಪ್ರಾರ್ಥನೆ ಹಾಡುವ ಹುಡುಗನೊಬ್ಬನಿದ್ದ. ಎಂಟನೆಯ ಇಯತ್ತೆಯಲ್ಲಿ ಒಂದು ಮುಂಜಾನೆ ಮೇಲಿನ ಸ್ವರದಲ್ಲಿ ಅವನ ದನಿ ಒಡೆಯಿತು. ಶಾಲೆಗೆ ಶಾಲೆಯೇ ನಕ್ಕಿತು, ನಾನೂ ನಕ್ಕೆ. ಮರುದಿನದಿಂದ ಅವನು ಹಾಡಲಿಲ್ಲ. ಹರೆಯದಲ್ಲಿ ಗಂಡುಹಾರ್ಮೋನಿನ ಪ್ರಭಾವದಿಂದ ಧ್ವನಿಪೆಟ್ಟಿಗೆ ಹಿಗ್ಗಿ, ಗಂಟಲಮಣಿ ಮುಂಚಾಚಿ, ತಂತುಗಳು ಉದ್ದವೂ ದಪ್ಪವೂ ಆಗುತ್ತವೆ. ಹುಡುಗರ ದನಿ ಸುಮಾರು ಒಂದು ಸಪ್ತಕದಷ್ಟು ಕೆಳಗಿಳಿಯುತ್ತದೆ. ಹುಡುಗಿಯರ ದನಿಯೂ ತುಸು ಇಳಿಯುತ್ತದೆ, ಆದರೆ ಯಾರ ಗಮನಕ್ಕೂ ಬಾರದಂತೆ. ಹೊಸ ವಾದ್ಯ ಕೈಗೆ ಹೊಂದುವವರೆಗೆ ಅಪಸ್ವರ ಸಹಜ. ಇಷ್ಟನ್ನು ಅಂದು ಆ ಹುಡುಗನಿಗೆ ಹೇಳಿದ್ದರೆ ಸಾಕಿತ್ತು. ಕಾಗವಾಡದ ನೆರೆಯ ಮಿರಜಿನಲ್ಲಿ ನೆಲೆಸಿದ್ದ ಅಬ್ದುಲ್ ಕರೀಂ ಖಾನರ ಶಿಷ್ಯ, ಕುಂದಗೋಳದ ಸವಾಯಿ ಗಂಧರ್ವರ ಇಂಪಾದ ಬಾಲಕಂಠವೂ ಹರೆಯದಲ್ಲಿ ಹೀಗೆಯೇ ಒಡೆದು ಒರಟಾಗಿತ್ತು. ಅವರು ಹಾಡು ಬಿಡಲಿಲ್ಲ; ಕಠಿಣ ಸಾಧನೆಯಿಂದ ಆ ಕಂಠವನ್ನೇ ಪಳಗಿಸಿಕೊಂಡರು.

ಇನ್ನು ಮುಪ್ಪಿನ ಮಾತು. ಇಲ್ಲಿ ಪ್ರಕೃತಿ ಒಂದು ವಿನೋದವನ್ನಿಟ್ಟಿದೆ. ಗಂಡಸಿನ ತಂತುಗಳ ಸ್ನಾಯು ಸೊರಗಿ ತೆಳುವಾಗುವುದರಿಂದ ಅವನ ದನಿ ಮೇಲೇರುತ್ತದೆ. ಮುಟ್ಟು ನಿಂತ ತರುವಾಯ ಹಾರ್ಮೋನುಗಳ ಏರುಪೇರಿನಿಂದ ಹೆಂಗಸಿನ ದನಿ ಕೆಳಗಿಳಿಯುತ್ತದೆ. ಚಿಕ್ಕೋಡಿಯ ನಮ್ಮ ಮನೆಗೆ ಫೋನು ಮಾಡಿದ ಅಪರಿಚಿತರೊಬ್ಬರು ನನ್ನ ದನಿ ಕೇಳಿ, “ಬಾಯಾರ, ಮಾಸ್ತರು ಮನಿಯಾಗ ಅದಾರೇನ್ರಿ?” ಎಂದರು. ಅದೇ ವಾರ ನನ್ನ ಮಡದಿ ಫೋನೆತ್ತಿದಾಗ, “ನಮಸ್ಕಾರ್ರಿ ಮಾಸ್ತರ!” ಎಂಬ ಮಾತು ಕೇಳಿಬಂತು. ಇಬ್ಬರೂ ಮನಸಾರೆ ನಕ್ಕೆವು. ಇದಲ್ಲದೆ ಧ್ವನಿಪೆಟ್ಟಿಗೆಯ ಮೃದ್ವಸ್ಥಿಗಳು ಬಿರುಸಾಗುತ್ತವೆ, ಗಂಟಲಿನ ತೇವ ಆರುತ್ತದೆ, ಉಸಿರಿನ ಕಸುವು ತಗ್ಗುತ್ತದೆ. ತಂತುಗಳು ಪೂರ್ತಿ ಕೂಡದೆ ನಡುವೆ ಗಾಳಿ ಸೋರುತ್ತದೆ. ಮುದುಕರ ದನಿಯ ನಡುಕಕ್ಕೂ ವಾಕ್ಯದ ನಡುವಿನ ಏದುಸಿರಿಗೂ ಇವೇ ಕಾರಣ.

ಆದರೆ ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟುವುದು ಅಪಾಯ. ತಂಬಾಕಿಗೆ ಹೆಸರಾದ ನಿಪ್ಪಾಣಿಯಲ್ಲಿ ನನ್ನೊಬ್ಬ ಸಹೋದ್ಯೋಗಿ ಮಿತ್ರನಿದ್ದ. ಬೀಡಿ ಅವನ ಸಂಗಾತಿ. ದನಿ ಗೊಗ್ಗರಾದಾಗ, “ವಯಸ್ಸಾತು ಬಿಡೋ” ಎಂದ, ನಾವೂ ಹೌದೆಂದೆವು. ಹೀಗೆ ಎಂಟು ತಿಂಗಳು ಕಳೆದವು. ವೈದ್ಯರು ಕಂಡಾಗ ಅದು ಧ್ವನಿಪೆಟ್ಟಿಗೆಯ ಕ್ಯಾನ್ಸರ್, ಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಜನ್ಮವಿಡೀ ಪಾಠ ಹೇಳಿದವನು ಇಂದು ಪಾಟಿಯ ಮೇಲೆ ಬರೆದು ಮಾತಾಡುತ್ತಾನೆ. ಬೇಗ ಗುರುತಿಸಿದರೆ ಈ ರೋಗವನ್ನು ಅನೇಕ ವೇಳೆ ದನಿಯನ್ನುಳಿಸಿಯೇ ಗುಣಪಡಿಸಬಹುದು. ದನಿಯ ಒಡಕು ಮೂರು ವಾರ ಮೀರಿದರೆ ಗಂಟಲನ್ನು ವೈದ್ಯರಿಗೆ ತೋರಿಸಲೇಬೇಕು.

ದನಿಯ ಮುಪ್ಪನ್ನು ಹೆಚ್ಚಿಸುವ ಮತ್ತೊಂದು ಕಾರಣವಿದೆ: ಮೌನ. ರಾಯಬಾಗದ ಹತ್ತಿರದ ಹಳ್ಳಿಯಲ್ಲಿ ನನ್ನ ತಾಯಿ ಬೀಸುವ ಕಲ್ಲಿನ ಮುಂದೆ ಕುಳಿತು ಒಂದು ಸೇರು ಜೋಳ ಮುಗಿಯುವವರೆಗೂ ಹಾಡುತ್ತಿದ್ದಳು. ಗಿರಣಿ ಬಂತು, ಕಲ್ಲು ಮೂಲೆ ಸೇರಿತು. ಮಕ್ಕಳು ಊರು ಬಿಟ್ಟೆವು. ಮಾತಿಗೆ ಜೊತೆಯಿಲ್ಲದ ಆಕೆಯ ದನಿ ಪಿಸುಮಾತಿಗಿಳಿಯಿತು. ರಜೆಗೆ ಹೋದಾಗ ನಾವು ಎಂಟು ದಿನ ಆಕೆಯನ್ನು ಮಾತಾಡಿಸುತ್ತಿದ್ದರೆ ಹೊರಡುವ ಹೊತ್ತಿಗೆ ಆ ದನಿಗೆ ಮತ್ತೆ ಕಸುವು ಬಂದಿರುತ್ತಿತ್ತು. ಬಳಕೆಯಿಲ್ಲದ ಸ್ನಾಯು ಸೊರಗುವುದು ಕೈಕಾಲಿನಲ್ಲಿ ಮಾತ್ರವಲ್ಲ.

ಸವಾಯಿ ಗಂಧರ್ವರ ಶಿಷ್ಯೆ ಗಂಗೂಬಾಯಿ ಹಾನಗಲ್ (1913–2009) ಅವರ ತೆಳುವಾದ ಕಂಠ ಗಂಟಲಿನ ಚಿಕಿತ್ಸೆಯ ತರುವಾಯ ಗಡುಸಾಯಿತು. ಅದು ವಯಸ್ಸಿನ ಬದಲಾವಣೆಯಲ್ಲ, ನಿಜ. ಆದರೆ ಅವರು ಹೋದ ದನಿಗಾಗಿ ಹಲುಬದೆ ಬಂದ ದನಿಯಲ್ಲಿ ಹಾಡಿದರು, ಇಳಿವಯಸ್ಸಿನವರೆಗೂ ಹಾಡಿದರು. ನಾಡು ಅವರನ್ನು ಗುರುತಿಸಿದ್ದು ಆ ಎರಡನೆಯ ದನಿಯಿಂದಲೇ.

ಹಿರಿಯರ ದನಿಗೆ ಬೇಕಾದ ಔಷಧ ದುಬಾರಿಯದಲ್ಲ. ಸಾಕಷ್ಟು ನೀರು, ಬೀಡಿ-ಸಿಗರೇಟಿಗೆ ವಿದಾಯ, ದಿನಕ್ಕಿಷ್ಟು ಗಟ್ಟಿ ಓದು ಅಥವಾ ಭಜನೆ, ಮತ್ತು ಕೇಳುವ ಎರಡು ಕಿವಿ. ಇಂದು ಸಂಜೆ ನಿಮ್ಮ ಮನೆಯ ಹಿರಿಯರಿಗೆ ಒಂದು ಪ್ರಶ್ನೆ ಕೇಳಿರಿ. ಉತ್ತರ ತಡವಾಗಿ, ನಡುಗುತ್ತ, ನಡುನಡುವೆ ನಿಂತು ಬಂದೀತು. ಅದು ಮುಗಿಯುವವರೆಗೆ ಕಾಯಿರಿ.